ಜಡ್ಡಿನ ಕಾಲದಲ್ಲಿ ಜೋಡಿ ಹುಡುಕುವಾಗ

ಸೋದರಿಯರೇ, ನಿಮ್ಮ ಮನೆಯ ಮಕ್ಕಳು ಟೀವಿಯಲ್ಲೋ ಮೊಬೈಲಿನಲ್ಲೋ ಝೋಂಬಿ ಸಿನಿಮಾ ನೋಡುವುದನ್ನು ನೀವೂ ಕಂಡಿರಬೇಕು. ಸತ್ತವರು ಎದ್ದು ಬರುತ್ತಾರೆ. ಕಣ್ಣು ಬೆಳ್ಳಗೆ, ನಡಿಗೆ ಸೊಟ್ಟ, ಮೈಮೇಲೆ ಎಚ್ಚರವಿಲ್ಲ. ಅವರು ಯಾರನ್ನು ಕಚ್ಚುತ್ತಾರೋ ಅವರೂ ಹಾಗೆಯೇ ಆಗಿಬಿಡುತ್ತಾರೆ. ನಿನ್ನೆ ಸಂಜೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ ಇವತ್ತು ಬಾಗಿಲು ಬಡಿದರೆ ತೆಗೆಯಬೇಕೋ ಬೇಡವೋ ತಿಳಿಯದು! ಈ ಕಲ್ಪನೆಯ ಬೇರು ದೂರದ ಹೈಟಿ ದೇಶದಲ್ಲಿದೆಯಂತೆ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರಿಗೆ, ಸತ್ತ ಮೇಲೂ ಬಿಡುಗಡೆಯಿಲ್ಲದೆ ದುಡಿಯಬೇಕಾದೀತೆಂಬ ಭಯ ಇತ್ತು. 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ಎಂಬ ನಿರ್ದೇಶಕರು ಎದ್ದು ಬರುವ ಹೆಣಗಳ ಚಿತ್ರ ತೆಗೆದರು. ಅಲ್ಲಿಂದ ಈ ಭೂತ ದೇಶದೇಶಕ್ಕೂ ಹಬ್ಬಿತು. 2021ರ ಫೆಬ್ರವರಿಯಲ್ಲಿ ತೆಲುಗಿನಲ್ಲೂ ‘ಝೋಂಬಿ ರೆಡ್ಡಿ’ ಬಂತು. ಅದರಲ್ಲಿ ಗೆಳೆಯನ ಮದುವೆಗೆಂದು ಕರ್ನೂಲಿನ ಕಡೆ ಹೋದವರು ಈ ಪೀಡೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇಂಥ ಚಿತ್ರಗಳಲ್ಲಿ ಒಂದು ವಿಶೇಷ ಉಂಟು. ಊರೆಲ್ಲ ಹೆಣಗಳ ಪಾಲಾಗಿರುವಾಗಲೂ ಒಬ್ಬ ಹುಡುಗ, ಒಬ್ಬಳು ಹುಡುಗಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಲೇ ಇರುತ್ತಾರೆ. “ಜೀವ ಉಳಿಸ್ಕೊಳ್ಳೋದು ಬಿಟ್ಟು ಇವಕ್ಕ ಪ್ರೀತಿ ಯಾಕ ಬೇಕಾಗ್ಯಾದ?” ಎಂದು ನಮ್ಮ ಅತ್ತೆಯವರು ಕೇಳುತ್ತಾರೆ. ಕೇಳತಕ್ಕ ಮಾತೇ. ಆದರೆ ಯೋಚಿಸಿ ನೋಡಿದರೆ, 2020 ಮತ್ತು 2021ರಲ್ಲಿ ನಾವು ಮಾಡಿದ್ದಾದರೂ ಏನು? ಕೊರೊನಾ ಬಾಗಿಲಲ್ಲಿ ನಿಂತಿತ್ತು. ನಾವು ಒಳಗೆ ಕೂತು ಕುಂಡಲಿ ಕೂಡಿಸುತ್ತಿದ್ದೆವು.

ನಮ್ಮ ಹತ್ತಿರಕ್ಕೇ ಬಂದ ಭಯ

ನನ್ನ ತವರು ಬಸವಕಲ್ಯಾಣ, ಕೊಟ್ಟ ಮನೆ ಹುಮನಾಬಾದ್. ಕೊರೊನಾದಿಂದ ಇಡೀ ದೇಶದಲ್ಲೇ ಮೊದಲ ಸಾವು ಆದದ್ದು ನಮ್ಮ ಪಕ್ಕದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. 2020ರ ಮಾರ್ಚ್ 10ರಂದು ಅವರು ತೀರಿಕೊಂಡರು, 12ರಂದು ರೋಗ ಖಚಿತವಾಯಿತು. ಬೆಂಗಳೂರಿನವರಿಗೆ ಅದು ಪತ್ರಿಕೆಯ ಸುದ್ದಿ. ನಮಗೆ ಹಾಗಲ್ಲ. ಸಂತೆಗೆ, ದವಾಖಾನೆಗೆ, ಕಾಲೇಜಿಗೆ ದಿನವೂ ಕಲಬುರಗಿಗೆ ಹೋಗಿ ಬರುವವರು ನಮ್ಮ ಪ್ರತಿ ಓಣಿಯಲ್ಲೂ ಇದ್ದರು.

ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಅಲ್ಲಲ್ಲೇ ಸಿಕ್ಕಿಬಿದ್ದರು. ನಮ್ಮ ಕಡೆಯ ಬೀಗತನವೆಲ್ಲ ಗಡಿ ದಾಟಿದ್ದು ನೋಡಿ. ಒಂದು ಮನೆಗೆ ಉಮರ್ಗಾದಿಂದ ಸೊಸೆ, ಇನ್ನೊಂದು ಮನೆಯ ಮಗಳು ಜಹೀರಾಬಾದಿನಲ್ಲಿ. ನಡುವೆ ತಡೆಗಂಬ ಬಿದ್ದಾಗ ಮಹಾರಾಷ್ಟ್ರ, ತೆಲಂಗಾಣ ಎಂಬುವು ಬೇರೆ ರಾಜ್ಯಗಳೆಂದು ನಮಗೆ ಮೊದಲ ಸಲ ಅರ್ಥವಾಯಿತು.

ಇನ್ನು ಯಾರಿಗಾದರೂ ‘ಪಾಸಿಟಿವ್’ ಎಂದರೆ ಮುಗಿಯಿತು. ಬಾಗಿಲಿಗೆ ಚೀಟಿ, ಓಣಿಗೆ ಬೊಂಬಿನ ಅಡ್ಡ. ಹಾಲಿನವನು ದೂರದಿಂದಲೇ ತಿರುಗಿ ಹೋಗುತ್ತಿದ್ದ. ಒಟ್ಟಿಗೆ ಶಾವಿಗೆ ಹೊಸೆದವರು, ಹಪ್ಪಳ ಒಣಹಾಕಿದವರು ಮುಖ ತಿರುಗಿಸಿದರು. ಎಚ್ಚರಿಕೆ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಚ್ಚರಿಕೆ ಬೇರೆ, ತಿರಸ್ಕಾರ ಬೇರೆ. ಸಿನಿಮಾದಲ್ಲಿ ಕಚ್ಚಿಸಿಕೊಂಡವನು ಮನುಷ್ಯನಾಗಿ ಉಳಿಯುವುದಿಲ್ಲ. ಜ್ವರ ಬಂದವರು ಹಾಗೆ ಆಗುತ್ತಾರೆಯೇ? ಹದಿನಾಲ್ಕು ದಿನ ಕಳೆದು ಹೊರಗೆ ಬಂದ ಮೇಲೂ ಅವರನ್ನು ಜನ ಝೋಂಬಿಯಂತೆಯೇ ನೋಡಿದರಲ್ಲ, ಅದು ದೊಡ್ಡ ರೋಗ.

ಕಾಣುವುದೇ ಇಲ್ಲವಾದಾಗ

ಹುಡುಗ ಹುಡುಗಿ ನೋಡುವುದು ನಮ್ಮಲ್ಲಿ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ವೀರಭದ್ರೇಶ್ವರನ ಜಾತ್ರೆಯಲ್ಲೋ, ಮಾಣಿಕನಗರದ ದತ್ತ ಜಯಂತಿಯಲ್ಲೋ, ಯಾರದೋ ಮದುವೆಯ ಊಟದ ಸಾಲಿನಲ್ಲೋ ಹಿರಿಯರ ಕಣ್ಣು ಹುಡುಗಿಯ ಮೇಲೆ ಬೀಳುತ್ತದೆ. ಆಮೇಲೆ ಮಧ್ಯಸ್ಥರು, ಕುಂಡಲಿ, ಕನ್ಯಾ ನೋಡುವ ಶಾಸ್ತ್ರ. ಉಪ್ಪಿಟ್ಟು, ಚಹಾ, ಐದು ನಿಮಿಷ ತಲೆ ತಗ್ಗಿಸಿ ಕೂರುವುದು. “ಏನು ಓದೀಯವ್ವಾ?”, “ಅಡಿಗಿ ಬರ್ತದೇನು?” ಇಷ್ಟರ ಮೇಲೆ ಐವತ್ತು ವರ್ಷದ ಸಂಸಾರ!

ಜಡ್ಡಿನ ಕಾಲದಲ್ಲಿ ಇದೆಲ್ಲ ನಿಂತುಹೋಯಿತು. ಜಾತ್ರೆಯಿಲ್ಲ, ಮದುವೆಯಿಲ್ಲ, ಬೇರೆಯವರ ಮನೆಯ ಚಹಾ ಕುಡಿಯುವಂತಿಲ್ಲ. ಮುಖವೂ ಮಾಸ್ಕಿನ ಹಿಂದೆ. ಉಳಿದದ್ದು ಮಾತು ಮಾತ್ರ. ಆ ಮಾತು ಏನು ಮಾಡಿತೆಂಬುದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಮೈದುನನ ಮಗಳಿಗೆ ಬಸವಕಲ್ಯಾಣದ ಕಡೆಯ ಹುಡುಗನೊಬ್ಬ ಗೊತ್ತಾಗಿದ್ದ. ಪುಣೆಯಲ್ಲಿ ಕೆಲಸ. 2020ರ ಏಪ್ರಿಲ್ 26, ಅಕ್ಷಯ ತೃತೀಯ, ಬಸವ ಜಯಂತಿಯ ದಿನ ಲಗ್ನವೆಂದು ನಿಶ್ಚಯ. ಸೀರೆ ತಂದಾಗಿತ್ತು, ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು. ಅಷ್ಟರಲ್ಲಿ ಎಲ್ಲ ಬಂದ್. ಹುಡುಗ ಪುಣೆಯಲ್ಲಿ, ಹುಡುಗಿ ಹುಮನಾಬಾದಿನಲ್ಲಿ.

ಇಬ್ಬರೂ ಫೋನಿನಲ್ಲಿ ಮಾತಾಡತೊಡಗಿದರು. ಮೊದಮೊದಲು ಅತ್ತೆಯವರಿಗೆ ಸರಿಬರಲಿಲ್ಲ. “ನಾ ಮದಿವಿಯಾಗಿ ವರ್ಷದ ಮ್ಯಾಲ ಗಂಡನ ಮಾರಿ ನೆಟ್ಟಗ ನೋಡೀನಿ. ಇವಳೇನು ದಿನಾ ಸಂಜೀಗಿ ಮಾತಾಡ್ತಾಳ?” ಎಂದು ಗೊಣಗಿದರು. ಆದರೆ ಹೊರಗೆ ಹೋಗುವಂತಿಲ್ಲ, ಮಾಡಲು ಕೆಲಸವಿಲ್ಲ, ಸುಮ್ಮನಾದರು. ತಿಂಗಳುಗಟ್ಟಲೆ ಮಾತಾಡಿದಾಗ ಬರೀ ಸಿಹಿ ಮಾತು ಎಷ್ಟು ದಿನ ಸಾಗೀತು? ಮನೆಯ ಸಾಲ, ತಾಯಿಯ ಮೊಣಕಾಲು ನೋವು, ತನ್ನ ಸಿಟ್ಟಿನ ಸ್ವಭಾವ, ಎಲ್ಲವೂ ಹೊರಬಂತು. ಒಂದು ದಿನ ಆ ಹುಡುಗ, “ನನ್ನ ಪಗಾರ ಅರ್ಧ ಆಗ್ಯಾದ. ನಮ್ಮಪ್ಪಗ ಇನ್ನೂ ಹೇಳಿಲ್ಲ, ನಿಮಗ ಮೊದಲ ಹೇಳ್ಲಕತ್ತೀನಿ. ನಿಮ್ಮ ಮನ್ಯಾಗ ವಿಚಾರ ಮಾಡ್ರಿ” ಎಂದನಂತೆ. ಹುಡುಗಿ ಬಂದು ಅಡಿಗೆ ಮನೆಯಲ್ಲಿ ನನಗೆ ಹೇಳಿದಳು. “ದೊಡ್ಡಮ್ಮ, ಇವರು ಸುಳ್ಳು ಹೇಳೋರಲ್ಲ” ಎಂದಳು. ಕನ್ಯಾ ನೋಡಲು ಬಂದ ದಿನ ಈ ಮಾತು ನಮಗೆ ಸಿಗುತ್ತಿತ್ತೇ?

ಸೆಪ್ಟೆಂಬರಿನಲ್ಲಿ ಮೈದುನನಿಗೇ ಜ್ವರ ಹಿಡಿಯಿತು. ಪರೀಕ್ಷೆಯಲ್ಲಿ ಪಾಸಿಟಿವ್. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಇದೇ ರೋಗದಿಂದ ತೀರಿಕೊಂಡದ್ದು ಅದೇ ತಿಂಗಳ 24ರಂದು. ಅಧಿಕಾರ ಇದ್ದವರನ್ನೂ ಬಿಡಲಿಲ್ಲವಲ್ಲ ಎಂದು ಜನ ನಡುಗಿದರು. ಹುಡುಗನ ಬಳಗದಲ್ಲಿ ಕೆಲವರು, “ಆ ಮನಿ ಸಂಬಂಧ ಸದ್ಯಕ್ಕ ಬ್ಯಾಡ” ಎಂದು ಶುರು ಹಚ್ಚಿದರಂತೆ. ಆಗ ಹುಡುಗನ ತಾಯಿ ಹೇಳಿದ ಮಾತು ಕೇಳಿ: “ಜಡ್ಡು ಮನಿಗಿ ಬಂದಾದ. ಹುಡುಗಿಗೇನು ಕೋಡು ಬಂದಾವೇನು?” ಅಷ್ಟೇ ಅಲ್ಲ, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಮಗನ ಕೈಯಲ್ಲಿ ಕಳಿಸಿದರು. ಊರಿಗೆ ಮರಳಿದ್ದ ಹುಡುಗ ಗಂಟನ್ನು ನಮ್ಮ ಕಟ್ಟೆಯ ಮೇಲಿಟ್ಟು, ಹಿಂದೆ ಸರಿದು, ರಸ್ತೆಯಲ್ಲಿ ನಿಂತೇ ಮಾವನನ್ನು ಮಾತಾಡಿಸಿ ಹೋದ. ಮುಟ್ಟಲಿಲ್ಲ, ಒಳಗೆ ಬರಲಿಲ್ಲ, ಆದರೆ ಬಂದ. ದೂರ ಇರಬೇಕಾದ ಕಾಲದಲ್ಲಿ ಹತ್ತಿರ ಬರುವುದೆಂದರೆ ಇದೇ ಅಲ್ಲವೇ?

ಡಿಸೆಂಬರಿನಲ್ಲಿ ಮನೆಯ ಅಂಗಳದಲ್ಲೇ ಮದುವೆಯಾಯಿತು. ನಿಯಮ ಅಷ್ಟರಲ್ಲಿ ಸಡಿಲವಾಗಿದ್ದರೂ ನಾವಾಗಿಯೇ ಐವತ್ತು ಜನರಿಗೆ ನಿಲ್ಲಿಸಿದೆವು. ಹೋಳಿಗೆ ನಾವು ನಾವೇ ಮಾಡಿದೆವು. ಯಾರಿಗೆ ಎಂಥ ಆಯೇರಿ ಎಂಬ ಜಗಳ ಇರಲಿಲ್ಲ.

ಅಗ್ಗದ ಮದುವೆಯ ಅಪಾಯ

ಹಾಗೆಂದು ಎಲ್ಲವೂ ಚೆನ್ನಾಗಿತ್ತೆಂದು ತಿಳಿಯಬೇಡಿ. ಖರ್ಚು ಕಡಿಮೆ ಎಂಬುದೇ ಕೆಲವು ಹೆಣ್ಣುಮಕ್ಕಳಿಗೆ ಉರುಳಾಯಿತು. 2020ರ ಮೇ ತಿಂಗಳಲ್ಲಿ ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂದಾಗ, “ಇದೇ ಸರಿಯಾದ ಹೊತ್ತು, ಸಾಲಿಲ್ಲದೆ ಕೈ ತೊಳಕೊಳ್ಳಬಹುದು” ಎಂದು ಲೆಕ್ಕ ಹಾಕಿದವರುಂಟು. ಶಾಲೆ ಮುಚ್ಚಿತ್ತು. ಮನೆಯಲ್ಲಿರುವ ಹುಡುಗಿ ಕಣ್ಣಿಗೆ ದೊಡ್ಡವಳಾಗಿ ಕಾಣುತ್ತಾಳೆ. “ನಾಳೆ ನಮಗೇನಾದರೂ ಆದರೆ?” ಎಂಬ ಅಂಜಿಕೆ ಬೇರೆ. ಪ್ರೀತಿ ಇದ್ದುದರಿಂದಲೇ ಆ ಅಂಜಿಕೆ, ಒಪ್ಪೋಣ. ಆದರೆ ಅಂಜಿಕೆ ಆರಿಸಿದ ಗಂಡ ಒಳ್ಳೆಯವನೇ ಆಗಬೇಕೆಂದೇನಿಲ್ಲ.

ಈ ರೋಗದ ಕಾರಣ ಹತ್ತು ವರ್ಷಗಳಲ್ಲಿ ಜಗತ್ತಿನಲ್ಲಿ ಇನ್ನೂ ಒಂದು ಕೋಟಿ ಹುಡುಗಿಯರು ಬಾಲ್ಯವಿವಾಹದ ಅಪಾಯಕ್ಕೆ ಬೀಳಬಹುದೆಂದು ವಿಶ್ವಸಂಸ್ಥೆಯ ಯುನಿಸೆಫ್ 2021ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಎಚ್ಚರಿಸಿತು. ನಮ್ಮ ಓಣಿಯಲ್ಲೂ ಹತ್ತನೇ ಇಯತ್ತೆಯ ಹುಡುಗಿಗೆ ಗಂಡು ನೋಡುತ್ತಿದ್ದರು. ಅಂಗನವಾಡಿ ಟೀಚರ್ ಮತ್ತು ನಾವು ನಾಲ್ಕು ಜನ ಹೆಂಗಸರು ಆಕೆಯ ತಾಯಿಯ ಹತ್ತಿರ ಕೂತು ಮಾತಾಡಿದೆವು. ಬೈಯಲಿಲ್ಲ. “ಎರಡು ವರ್ಷ ತಡೀವ್ವಾ. ಜಡ್ಡು ಹೋಗ್ತದ, ಮದಿವಿ ಹೋಗಲ್ಲ” ಎಂದೆವು. ಹುಡುಗಿ 2021ರ ಜುಲೈ 19 ಮತ್ತು 22ರಂದು, ಆ ವರ್ಷ ಎರಡೇ ದಿನ ನಡೆದ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು.

ನೆನಪಿರಲಿ: ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮುನ್ನ ಮದುವೆ ಮಾಡುವುದು 2006ರ ಕಾಯ್ದೆಯಂತೆ ಅಪರಾಧ. ನಮ್ಮ ಕರ್ನಾಟಕದಲ್ಲಂತೂ ಅಂಥ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಎಲ್ಲಾದರೂ ಕಂಡರೆ 1098ಕ್ಕೆ ಫೋನು ಮಾಡಿ.

ಕಲ್ಯಾಣ ಎಂಬ ಊರು

‘ಕಲ್ಯಾಣ’ ಎಂದರೆ ಮದುವೆ ಎಂದೂ ಅರ್ಥ. ನಮ್ಮ ತವರಿನ ಇತಿಹಾಸವೂ ಒಂದು ಮದುವೆಯ ಸುತ್ತಲೇ ಇದೆ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸರ ಮಗಳಿಗೂ ಶರಣರು ಲಗ್ನ ಮಾಡಿಸಿದರು. ಬಿಜ್ಜಳನ ಆಸ್ಥಾನ ಸಿಡಿದೆದ್ದಿತು. ಆ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಹೇಳುತ್ತಾರೆ. ಹರಳಯ್ಯನವರ ಹೆಸರಿನ ಗವಿ ಇಂದಿಗೂ ಊರಲ್ಲಿದೆ. ಮುಟ್ಟಬಾರದೆಂದು ಊರು ಹೇಳಿದವರನ್ನು ಮುಟ್ಟಿ ಬೀಗರೆಂದದ್ದೇ ಅವರ ತಪ್ಪು! ಆಗ ಜಾತಿಯ ಹೆಸರಿನಲ್ಲಿ ಮುಟ್ಟಗೊಡಲಿಲ್ಲ, ಮೊನ್ನೆ ರೋಗದ ಹೆಸರಿನಲ್ಲಿ. ರೋಗದ್ದು ಕೆಲವು ದಿನಗಳ ಮಾತು, ಅದಕ್ಕೆ ಕಾರಣವೂ ಇತ್ತು. ಆದರೆ ಮನಸ್ಸು ಅದನ್ನು ಬೇಗ ಕಲಿತು, ತಡವಾಗಿ ಬಿಡುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಎರಡನೆಯ ಅಲೆಯಲ್ಲಿ, 2021ರ ಏಪ್ರಿಲ್, ಮೇ ತಿಂಗಳಲ್ಲಿ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು ನಮ್ಮ ನಿಮ್ಮ ಬಳಗದಲ್ಲಿದ್ದಾರೆ. ಹೆಂಡತಿ ಹೋದ ಗಂಡಸಿಗೆ ವರ್ಷದೊಳಗೆ “ಮಕ್ಕಳನ್ನು ನೋಡೋರು ಬೇಕಲ್ಲ” ಎಂದು ಹೆಣ್ಣು ಹುಡುಕುತ್ತೇವೆ. ಗಂಡ ಹೋದ ಹೆಣ್ಣಿಗೆ ಮಕ್ಕಳಿಲ್ಲವೇ? ವಿಧವೆಯ ಮರುಮದುವೆಗೆ ಕಾನೂನು ಒಪ್ಪಿ 1856ಕ್ಕೇ ಆಯಿತು. ಒಪ್ಪಬೇಕಾದವರು ನಾವು, ಅಂದರೆ ಅತ್ತೆಯರು, ತಾಯಂದಿರು, ಓಣಿಯ ಹೆಂಗಸರು. ಆಕೆಗೆ ಬೇಡವಾಗಿದ್ದರೆ ಬೇಡ. ಆದರೆ ಒಂದು ಸಲ ಕೇಳುವುದಾದರೂ ಬೇಡವೇ?

ಮಗಳಿಗೆ ವರ ನೋಡುವಾಗ

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಮತ್ತೆ ದೊಡ್ಡ ಮಂಟಪ, ಮತ್ತೆ ಬ್ಯಾಂಡು, ಮತ್ತೆ ಐದು ನಿಮಿಷದ ಚಹಾ. ಜಡ್ಡಿನ ಕಾಲ ಕಲಿಸಿದ್ದನ್ನು ಮಾತ್ರ ಬಿಡುವುದು ಬೇಡ ಎಂದು ನನ್ನ ಅನಿಸಿಕೆ. ವರ ನೋಡುವಾಗ ಇಷ್ಟನ್ನು ವಿಚಾರಿಸಿ:

1. ಆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಗಂಜಿ ಕಾಸಿದವರು ಯಾರು, ಬಟ್ಟೆ ಒಗೆದವರು ಯಾರು? ಗಂಡಸರು ಕೈ ಹಾಕಿದ್ದರೇ?

2. ಹುಡುಗ ತನ್ನ ಗಳಿಕೆ, ಸಾಲ, ಕಾಯಿಲೆ ಮುಚ್ಚಿಡದೆ ಹೇಳುತ್ತಾನೆಯೇ? ನಿಮ್ಮ ಮಗಳೂ ತನ್ನದನ್ನು ಹೇಳಲಿ.

3. ಕಷ್ಟ ಬಂದ ನೆಂಟರ ವಿಷಯದಲ್ಲಿ ಆ ಮನೆಯವರು ಹೇಗೆ ನಡೆದುಕೊಂಡರು? ಹಣ ಕೊಟ್ಟರೇ ಎಂದಲ್ಲ, ಬಾಗಿಲತನಕ ಬಂದರೇ ಎಂದು ಕೇಳಿ.

4. ನಿಶ್ಚಯಕ್ಕೂ ಲಗ್ನಕ್ಕೂ ನಡುವೆ ನಾಲ್ಕು ತಿಂಗಳಾದರೂ ಬಿಡಿ. ಮಕ್ಕಳು ಮಾತಾಡಲಿ. ಬೇಡವೆನಿಸಿದರೆ ಹೇಳುವ ಧೈರ್ಯ ಮಗಳಿಗೆ ಇರುವಂತೆ ನೋಡಿಕೊಳ್ಳಿ. ನಿಶ್ಚಯ ಮುರಿದರೆ ಒಂದು ವಾರದ ಮಾತು, ಮದುವೆ ಮುರಿದರೆ ಹಾಗಲ್ಲ.

5. ಅವಸರ ಯಾರದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹುಡುಗಿಯದಲ್ಲದಿದ್ದರೆ ತಡೆಯಿರಿ.

ಕುಂಡಲಿ ನೋಡುವವರು ನೋಡಲಿ, ಸಾಲು ಹೋಳಿಗೆಯೂ ಆಗಲಿ, ನನ್ನ ತಕರಾರಿಲ್ಲ. ಆದರೆ ರೂಪ, ಪಗಾರ, ಎಕರೆ ಎಣಿಸಿದ ಮೇಲೆ ಈ ಐದನ್ನೂ ಒಂದು ಚೀಟಿಯಲ್ಲಿ ಬರೆದು ಕುಂಡಲಿಯ ಜೊತೆಗಿಡಿ. ನಾಳೆ ಮತ್ತೊಂದು ಜಡ್ಡು ಬಂದರೆ ಮಗಳ ಹಾಸಿಗೆಯ ಪಕ್ಕ ಕೂರುವವನು ಯಾರೆಂಬುದು ಆ ಚೀಟಿಯಲ್ಲೇ ತಿಳಿಯುತ್ತದೆ. ಏನಂತೀರಿ?