ಕಾರಿನ ಬಾಗಿಲು ಐಸ್ ಹಿಡಿದಿದ್ಯಾ? ಎಳೀಬೇಡಿ, ಮೊದಲು ಇದನ್ನ ಕೇಳಿ

ಈ ವಾರದ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

 

ಇವತ್ತಿನ ವಿಷಯ ಕೇಳಿದ್ರೆ ನಗಬಹುದು. ಚಳಿಗಾಲದಲ್ಲಿ ಕಾರಿನ ಡೋರ್ ಹ್ಯಾಂಡಲ್ ಹೆಪ್ಪುಗಟ್ಟಿ ಬಾಗಿಲು ತೆಗೆಯೋಕೆ ಆಗದಿದ್ರೆ ಏನು ಮಾಡಬೇಕು? ಬೆಂಗಳೂರಲ್ಲಿ ಕೂತು ಇದನ್ನ ಯಾಕೆ ಕೇಳ್ಬೇಕು ಅಂತೀರಾ? ನಿಜ. ನಮ್ಮೂರಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಕಾರಿನ ಬಾಗಿಲು ಐಸ್ ಹಿಡಿಯೋ ಮಾತೇ ಇಲ್ಲ.

ಆದ್ರೆ ನಾವು ಇಲ್ಲೇ ಇರಲ್ವಲ್ಲ. ಡಿಸೆಂಬರ್ ರಜೆ ಬಂತಂದ್ರೆ ಊಟಿಗೆ ಹೊರಡ್ತೀವಿ. ಕೆಲವರು ಮನಾಲಿ, ಲಡಾಖ್ ಅಂತ ಹೋಗ್ತಾರೆ. ಇನ್ನು ಪ್ರತಿ ವರ್ಷ ಎಷ್ಟೋ ಹುಡುಗ ಹುಡುಗಿಯರು ಓದೋಕೆ, ಕೆಲಸಕ್ಕೆ ಅಂತ ಕೆನಡಾ, ಅಮೆರಿಕ, ಜರ್ಮನಿಗೆ ಹೋಗ್ತಿದ್ದಾರೆ. ಅಲ್ಲಿ ಮೊದಲ ಚಳಿಗಾಲ, ಕೈಯಲ್ಲೊಂದು ಹಳೇ ಸೆಕೆಂಡ್ ಹ್ಯಾಂಡ್ ಕಾರು, ಬೆಳಗಿನ ಜಾವದ ಶಿಫ್ಟ್, ಹೊರಗೆ ಮೈನಸ್ 20. ಬಾಗಿಲು ಬರ್ತಿಲ್ಲ. ಗಾಬರಿಯಲ್ಲಿ ಜೋರಾಗಿ ಎಳೀತಾರೆ, ಹ್ಯಾಂಡಲ್ ಕೈಗೇ ಬರುತ್ತೆ. ಆ ಚಳಿಯಲ್ಲಿ ಹೊರಗೆ ನಿಂತಿರೋದು ತಮಾಷೆ ಅಲ್ಲ, ಕೈಬೆರಳು ಮರಗಟ್ಟೋಕೆ ತುಂಬಾ ಹೊತ್ತು ಬೇಡ.

ಅದಕ್ಕೇ ಈ ಎಪಿಸೋಡ್. ಇದರ ಪಾಠ ಕಲಿಯೋಕೆ ನಾವು ಕೆನಡಾಗೆ ಹೋಗಬೇಕಿಲ್ಲ, ಶಿವಾಜಿನಗರದ ರಸೆಲ್ ಮಾರ್ಕೆಟ್‌ವರೆಗೆ ಹೋದ್ರೆ ಸಾಕು.

ರಸೆಲ್ ಮಾರ್ಕೆಟ್ ಯಾಕೆ?

1927ರಲ್ಲಿ ಕಟ್ಟಿದ ಮಾರುಕಟ್ಟೆ ಇದು. ಹಣ್ಣು, ತರಕಾರಿ, ಹೂವು, ಮಾಂಸ, ಮೀನು ಎಲ್ಲಾ ಒಂದೇ ಕಡೆ ಸಿಗುತ್ತೆ. ನಮ್ಮ ವಿಷಯಕ್ಕೆ ಬೇಕಾದ ಎರಡು ವಸ್ತುವೂ ಇಲ್ಲೇ ಸಿಗುತ್ತೆ. ಒಂದು, ಮೀನಿನ ಅಂಗಡಿಯ ಐಸ್. ಇನ್ನೊಂದು, ಸುತ್ತಲಿನ ಬೀದಿಗಳ ಗುಜರಿ ಅಂಗಡಿಗಳಲ್ಲಿರೋ ಹಳೇ ಕಾರಿನ ಬಿಡಿಭಾಗ. ಐಸ್ ಹೇಗೆ ಹಿಡಿಯುತ್ತೆ ಅನ್ನೋದು ಮೊದಲನೇ ಪಾಠ, ಹ್ಯಾಂಡಲ್ ಹೇಗೆ ಕೆಲಸ ಮಾಡುತ್ತೆ ಅನ್ನೋದು ಎರಡನೇದು.

ಮೀನಂಗಡಿ ಪಾಠ

ಅಂಜಲ್, ಬಂಗುಡೆ, ಸಿಗಡಿ ಎಲ್ಲಾ ಪುಡಿ ಐಸ್ ಮೇಲೆ ಮಲಗಿರೋದನ್ನ ನೋಡಿರ್ತೀರಿ. ಐಸ್ ಯಾಕೆ ಅಷ್ಟು ಹೊತ್ತು ಕರಗಲ್ಲ? ಒಂದು ಗ್ರಾಂ ಐಸ್ ಕರಗಿ ನೀರಾಗೋಕೆ ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಂದ್ರೆ ಅಷ್ಟೇ ನೀರನ್ನ ಸೊನ್ನೆ ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸೋಕೆ ಎಷ್ಟು ಶಾಖ ಬೇಕೋ ಅಷ್ಟು. ಮೀನಿನವರಿಗೆ ಇದು ಲಾಭ. ಕಾರಿನ ಮುಂದೆ ನಿಂತಿರೋ ನಿಮಗೆ ಇದೇ ತೊಂದರೆ. ಹ್ಯಾಂಡಲ್‌ಗೆ ಬಾಯಿಂದ ಬಿಸಿಗಾಳಿ ಊದಿದ್ರೆ ಐಸ್ ಅಷ್ಟು ಸುಲಭವಾಗಿ ಕರಗಲ್ಲ. ಮೇಲಾಗಿ ಉಸಿರಿನ ತೇವ ಹೋಗಿ ಅಲ್ಲೇ ಇನ್ನೊಂದು ಪದರ ಐಸ್ ಆಗುತ್ತೆ.

ಇನ್ನೊಂದು ಗಮನಿಸಿ. ಪುಡಿ ಐಸ್ ಸ್ವಲ್ಪ ಹೊತ್ತು ಬಿಟ್ರೆ ಒಂದಕ್ಕೊಂದು ಅಂಟಿ ಗಟ್ಟಿ ಉಂಡೆ ಆಗುತ್ತೆ. ಆಗ ಅಂಗಡಿಯವರು ಅದನ್ನ ಎಳೆದು ಬಿಡಿಸ್ತಾರಾ? ಇಲ್ಲ, ಒಂದು ಏಟು ಕುಟ್ಟುತ್ತಾರೆ. ಐಸ್ ಗಟ್ಟಿ, ಆದ್ರೆ ಬಾಗಲ್ಲ. ಬಾಗದೇ ಇರೋ ವಸ್ತು ಏಟಿಗೆ ಬಿರುಕು ಬಿಡುತ್ತೆ. ಈ ಒಂದು ವಿಷಯ ತಲೆಯಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗುಜರಿ ಪಾಠ

ಈಗ ಯಾವುದಾದ್ರೂ ಹಳೇ ಡೋರ್ ಹ್ಯಾಂಡಲ್ ಕೈಗೆ ತಗೊಂಡು ಹಿಂದಕ್ಕೆ ತಿರುಗಿಸಿ ನೋಡಿ. ಹೊರಗೆ ಕಾಣೋದು ಹಿಡಿ ಮಾತ್ರ. ಹಿಂದುಗಡೆ ಒಂದು ಪಿನ್, ಒಂದು ಸ್ಪ್ರಿಂಗ್, ಅಲ್ಲಿಂದ ಬಾಗಿಲ ಒಳಗಿರೋ ಲಾಕ್‌ಗೆ ಹೋಗೋ ಒಂದು ಕಂಬಿ ಇಲ್ಲಾ ಕೇಬಲ್. ಬಹಳಷ್ಟು ಕಾರುಗಳಲ್ಲಿ ಹಿಡಿಯೂ ಅದನ್ನ ಹಿಡಿದಿಡೋ ಚೌಕಟ್ಟೂ ಪ್ಲಾಸ್ಟಿಕ್. ಚಳಿ ಜಾಸ್ತಿ ಆದಷ್ಟೂ ಪ್ಲಾಸ್ಟಿಕ್ ಬಾಗೋ ಗುಣ ಕಳ್ಕೊಂಡು ಪೆಡಸಾಗುತ್ತೆ. ಈಗ ಲೆಕ್ಕ ಹಾಕಿ. ಒಂದು ಕಡೆ ಗಟ್ಟಿ ಐಸ್, ಇನ್ನೊಂದು ಕಡೆ ಪೆಡಸಾದ ಪ್ಲಾಸ್ಟಿಕ್, ಮಧ್ಯೆ ನೀವು ಬಲ ಹಾಕಿ ಎಳೀತಿದ್ದೀರಿ. ಮೊದಲು ಮುರಿಯೋದು ಯಾವುದು ಅಂತ ನಾನು ಹೇಳಬೇಕಾ?

ನಾನು ಕಾಮರ್ಸ್ ಓದಿದವನು, ಹಾಗಾಗಿ ದುಡ್ಡಿನ ಮಾತೂ ಹೇಳಿಬಿಡ್ತೀನಿ. ಹ್ಯಾಂಡಲ್ ಒಂದು ಸಣ್ಣ ಪಾರ್ಟ್ ಇರಬಹುದು. ಆದ್ರೆ ಅದನ್ನ ಬದಲಿಸೋಕೆ ಸಾಮಾನ್ಯವಾಗಿ ಬಾಗಿಲ ಒಳಗಿನ ಪ್ಯಾನೆಲ್ ಬಿಚ್ಚಬೇಕು. ವಿದೇಶದಲ್ಲಿ ಪಾರ್ಟ್‌ಗಿಂತ ಲೇಬರ್ ಚಾರ್ಜ್ ಹೊರೆ. ಇನ್ಶೂರೆನ್ಸ್ ಇದೆಯಲ್ಲ ಅಂತೀರಾ? ಡಿಡಕ್ಟಿಬಲ್ ಅಂತ ಒಂದಿರುತ್ತೆ, ಅಂದ್ರೆ ಪ್ರತಿ ಕ್ಲೇಮ್‌ನಲ್ಲಿ ಮೊದಲ ಇಷ್ಟು ಹಣ ನೀವೇ ಕೊಡಬೇಕು ಅನ್ನೋ ಷರತ್ತು. ಇಂಥ ಸಣ್ಣ ರಿಪೇರಿ ಸಾಮಾನ್ಯವಾಗಿ ಅದರೊಳಗೇ ಮುಗಿದುಹೋಗುತ್ತೆ. ಖರ್ಚು ಪೂರ್ತಿ ನಿಮ್ಮ ತಲೆ ಮೇಲೆ.

ಎಲ್ಲಿ ಹಿಡಿದಿದೆ, ಪತ್ತೆ ಮಾಡಿ

ಬಾಗಿಲು ಬರ್ತಿಲ್ಲ ಅಂದ್ರೆ ಐಸ್ ಎಲ್ಲಾ ಕಡೆ ಇದೆ ಅಂತಲ್ಲ. ಮೊದಲು ಕಾರು ನಿಜವಾಗಿ ಅನ್‌ಲಾಕ್ ಆಗಿದೆಯಾ ನೋಡಿ. ಆಮೇಲೆ ಹ್ಯಾಂಡಲನ್ನ ಮೆಲ್ಲಗೆ, ಎರಡು ಬೆರಳಲ್ಲಿ ಎತ್ತಿ ನೋಡಿ. ಮೂರರಲ್ಲಿ ಒಂದು ಆಗುತ್ತೆ.

ಒಂದು: ಹ್ಯಾಂಡಲ್ ಅಲ್ಲಾಡೋದೇ ಇಲ್ಲ. ಹಿಡಿ ಮತ್ತು ಬಾಗಿಲ ಮಧ್ಯದ ಸಂದಿಗೆ ನೀರು ಹೋಗಿ ಐಸ್ ಆಗಿದೆ. ನೀರು ಐಸ್ ಆದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ, ಅದಕ್ಕೇ ಅಷ್ಟು ಬಿಗಿ.

ಎರಡು: ಹ್ಯಾಂಡಲ್ ಎಂದಿನಂತೆ ಬರುತ್ತೆ, ಟಕ್ ಅಂತ ಶಬ್ದನೂ ಬರುತ್ತೆ, ಬಾಗಿಲು ಮಾತ್ರ ಬಿಡಲ್ಲ. ಇಲ್ಲಿ ಹ್ಯಾಂಡಲ್ ಸರಿಯಾಗಿದೆ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಐಸ್‌ನಿಂದ ಅಂಟಿದೆ.

ಮೂರು: ಹ್ಯಾಂಡಲ್ ಸಡಿಲವಾಗಿ ಬರುತ್ತೆ, ಒಳಗೆ ಏನೂ ಆಗಲ್ಲ. ಒಳಗಿನ ಲಾಕ್ ಅಥವಾ ಕೇಬಲ್‌ನಲ್ಲಿ ತೇವ ಹೆಪ್ಪುಗಟ್ಟಿರಬಹುದು. ಇದಕ್ಕೆ ಹೊರಗಿಂದ ಮಾಡೋಕೆ ಹೆಚ್ಚೇನೂ ಇಲ್ಲ, ಬೇರೆ ಬಾಗಿಲಿಂದ ಒಳಗೆ ಹೋಗಿ ಹೀಟರ್ ಹಾಕಿ ಕಾಯಬೇಕು.

ಈಗ ಬಿಡಿಸೋದು ಹೇಗೆ

ಮೊದಲನೇದಾಗಿ ಉಳಿದ ಬಾಗಿಲು ಪ್ರಯತ್ನಿಸಿ. ಡ್ರೈವರ್ ಕಡೆಯದೇ ಬೇಕು ಅಂತ ಹಠ ಬೇಡ. ಗಾಳಿಗೆ ಮರೆಯಾಗಿರೋ ಕಡೆ, ಬಿಸಿಲು ಬಿದ್ದ ಕಡೆ ಐಸ್ ಕಡಿಮೆ ಇರಬಹುದು. ಡಿಕ್ಕಿ ಕೂಡ ನೋಡಿ.

ಬೀಡಿಂಗ್ ಅಂಟಿದ್ರೆ ಬಾಗಿಲನ್ನ ಎಳೀಬೇಡಿ, ಒಳಕ್ಕೆ ಒತ್ತಿ. ಸೊಂಟ, ಭುಜ ಕೊಟ್ಟು ಮೂರು ನಾಲ್ಕು ಸಲ ಒತ್ತಿ ಬಿಡಿ. ರಬ್ಬರ್ ಕುಗ್ಗುತ್ತೆ, ಐಸ್ ಕುಗ್ಗಲ್ಲ, ಹಾಗಾಗಿ ಬಿರುಕು ಬಿಡುತ್ತೆ. ಮೀನಂಗಡಿಯವರು ಕುಟ್ಟಿದ್ದು ನೆನಪಾಯ್ತಾ? ಹ್ಯಾಂಡಲ್ ಸುತ್ತಲೂ ಗ್ಲೌಸ್ ಹಾಕಿದ ಮುಷ್ಟಿಯಿಂದ ಮೆಲ್ಲಗೆ ತಟ್ಟಬಹುದು. ಸಂದಿಯಲ್ಲಿ ಕಾಣೋ ಐಸ್ ತೆಗೆಯೋಕೆ ಹಳೇ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರ್, ಚಾಕು ಹಾಕಿ ಮೀಟಬೇಡಿ, ಪೇಂಟೂ ರಬ್ಬರೂ ಎರಡೂ ಹೋಗುತ್ತೆ.

ಆಮೇಲೆ ಆಲ್ಕೋಹಾಲ್. ಕುಡಿಯೋದಲ್ಲ! ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ. ಶುದ್ಧ ರೂಪದಲ್ಲಿ ಅದು ಹೆಪ್ಪುಗಟ್ಟೋದು ಮೈನಸ್ 89 ಡಿಗ್ರಿ ಹತ್ತಿರ. ಎರಡು ಪಾಲು ಆಲ್ಕೋಹಾಲ್, ಒಂದು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಯಲ್ಲಿಟ್ಟುಕೊಳ್ಳಿ. ಸಂದಿಗೆ ಸಿಂಪಡಿಸಿ ಒಂದೆರಡು ನಿಮಿಷ ಬಿಡಿ. ಅದೂ ಇಲ್ಲ ಅಂದ್ರೆ ಕೊರೊನಾ ಕಾಲದ ಸ್ಯಾನಿಟೈಸರ್ ಇದೆಯಾ ನೋಡಿ, ಅದರಲ್ಲೂ ಶೇಕಡಾ 60–70ರಷ್ಟು ಆಲ್ಕೋಹಾಲ್ ಇರೋದ್ರಿಂದ ತುರ್ತಿಗೆ ಆಗುತ್ತೆ. ಕೀ ಹಾಕೋ ತೂತು ಹೆಪ್ಪುಗಟ್ಟಿದ್ರೆ ಕೀ ತುದಿಗೆ ಸವರಿ ನಿಧಾನವಾಗಿ ಒಳಗೆ ತಳ್ಳಿ. ಒಂದು ಎಚ್ಚರ: ಇವೆರಡೂ ಬೆಂಕಿ ಹಿಡಿಯೋ ವಸ್ತು. ಹತ್ತಿರ ಲೈಟರ್, ಸಿಗರೇಟ್ ಬೇಡ. ಕೀ ತಲೆಯೊಳಗೆ ಚಿಪ್ ಇರೋದ್ರಿಂದ ಕೀಯನ್ನೂ ಬೆಂಕಿಯಲ್ಲಿ ಕಾಯಿಸಬೇಡಿ.

ಬಿಸಿನೀರು, ಉಪ್ಪು ಹಾಕಬಹುದಾ?

ಎಲ್ಲರಿಗೂ ಮೊದಲು ಹೊಳೆಯೋದು ಕುದಿಯೋ ನೀರು. ಬೇಡ. ಹೆಪ್ಪುಗಟ್ಟಿದ ಗಾಜಿಗೆ ಕುದಿನೀರು ತಾಗಿದ್ರೆ ಒಂದು ಭಾಗ ತಟ್ಟನೆ ಹಿಗ್ಗಿ ಗಾಜು ಸೀಳಬಹುದು. ಗಾಜು ಉಳಿದರೂ ಆ ನೀರು ಸಂದಿಗೆ ಇಳಿದು ಇನ್ನಷ್ಟು ಐಸ್ ಆಗುತ್ತೆ. ಶಾಖ ಬೇಕೇ ಬೇಕು ಅಂದ್ರೆ ಬೆಚ್ಚಗಿನ ನೀರನ್ನ ಜಿಪ್ ಕವರ್‌ನಲ್ಲೋ ಹಾಟ್ ವಾಟರ್ ಬ್ಯಾಗ್‌ನಲ್ಲೋ ತುಂಬಿ ಹ್ಯಾಂಡಲ್ ಮೇಲೆ ಒತ್ತಿ ಹಿಡೀರಿ. ಶಾಖ ಹೋಗುತ್ತೆ, ನೀರು ಹೋಗಲ್ಲ.

ಉಪ್ಪಿನ ವಿಷಯ. ಮಟ್ಕಾ ಕುಲ್ಫಿಯವರು ಐಸ್‌ಗೆ ಕಲ್ಲುಪ್ಪು ಬೆರೆಸ್ತಾರಲ್ಲ, ಉಪ್ಪುನೀರು ಸೊನ್ನೆಗಿಂತ ಕೆಳಗೂ ಹೆಪ್ಪುಗಟ್ಟದೆ ಇರುತ್ತೆ. ಆದ್ರೆ ಅದಕ್ಕೂ ಮಿತಿ ಇದೆ, ಮೈನಸ್ 21 ಡಿಗ್ರಿಗಿಂತ ಕೆಳಗೆ ಅಡುಗೆ ಉಪ್ಪು ಐಸ್ ಕರಗಿಸಲ್ಲ. ಹಿಮ ಬೀಳೋ ದೇಶಗಳಲ್ಲಿ ರಸ್ತೆಗೆ ಉಪ್ಪು ಸುರಿಯೋದು ಇದೇ ಲೆಕ್ಕದಲ್ಲಿ. ಅಲ್ಲಿನ ಹಳೇ ಕಾರುಗಳು ಕೆಳಗಡೆ ತುಕ್ಕು ಹಿಡಿಯೋದಕ್ಕೂ ಅದೇ ದೊಡ್ಡ ಕಾರಣ. ಹಾಗಾಗಿ ನೀವಾಗೇ ಬಾಗಿಲಿಗೆ ಉಪ್ಪು ಹಾಕಬೇಡಿ.

ಊಟಿಗೆ ಹೋಗೋರಿಗೆ

ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಚಳಿಗಾಲದಲ್ಲಿ ಅಲ್ಲಿ ಹುಲ್ಲಿನ ಮೇಲೆ, ನಿಲ್ಲಿಸಿದ ಕಾರುಗಳ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿರೋ ಫೋಟೋ ಪ್ರತಿ ವರ್ಷ ಬರುತ್ತೆ. ಫೋನ್‌ನಲ್ಲಿ 3 ಡಿಗ್ರಿ ತೋರಿಸ್ತಿತ್ತು, ಐಸ್ ಹೇಗಾಯ್ತು ಅನ್ನೋ ಪ್ರಶ್ನೆ ಬರಬಹುದು. ಆ್ಯಪ್ ಹೇಳೋದು ಗಾಳಿಯ ತಾಪಮಾನ. ಮೋಡ ಇಲ್ಲದ ರಾತ್ರಿ ಕಾರಿನ ಮೇಲ್ಮೈ ತನ್ನ ಶಾಖವನ್ನ ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತೆ. ಅದಕ್ಕೇ ಮರದಡಿ, ಶೆಡ್ ಕೆಳಗೆ ನಿಲ್ಲಿಸಿದ ಕಾರಿಗೆ ಐಸ್ ಕಡಿಮೆ. ಅಲ್ಲಿ ಸಾಮಾನ್ಯವಾಗಿ ಒಂದು ತೆಳು ಪದರ ಅಷ್ಟೇ, ಬಿಸಿಲು ಬಂದ್ರೆ ಹೋಗುತ್ತೆ. ಸಂಜೆ ಕಾರು ತೊಳೆಯೋದು ಮಾತ್ರ ಬೇಡ.

ಬಟನ್ ಹ್ಯಾಂಡಲ್ ಇದ್ರೆ?

ಈಗಿನ ಕೆಲವು ಕಾರುಗಳಲ್ಲಿ ಹ್ಯಾಂಡಲ್ ಬಾಗಿಲೊಳಗೇ ಸಮತಟ್ಟಾಗಿ ಕೂತಿರುತ್ತೆ. ನಮ್ಮಲ್ಲೇ ಎಕ್ಸ್‌ಯುವಿ 700, ಟಾಟಾ ಕರ್ವ್ ನೋಡಿ. ಮೇಲೆ ಐಸ್ ಪದರ ಕೂತ್ರೆ ಇವು ಹೊರಗೆ ಬರೋಕೆ ತಿಣುಕಬಹುದು. ಬೆರಳಲ್ಲಿ ಕೀಳಬೇಡಿ, ಅಂಗೈಯಿಂದ ಒತ್ತಿ, ತಟ್ಟಿ, ಐಸ್ ಒಡೆಯಿರಿ. ಪೂರ್ತಿ ವಿದ್ಯುತ್‌ನಲ್ಲೇ ಓಡೋ ಹ್ಯಾಂಡಲ್ ಇದ್ರೆ ಕೈಯಿಂದ ತೆಗೆಯೋ ವ್ಯವಸ್ಥೆ ಎಲ್ಲಿದೆ ಅಂತ ಇವತ್ತೇ ಮ್ಯಾನುಯಲ್‌ನಲ್ಲಿ ಓದಿ. ಯಾಕಂದ್ರೆ ಚಳಿಯಲ್ಲಿ ಬ್ಯಾಟರಿ ಬಲ ಇಳಿಯುತ್ತೆ. ಇದು ಬರೀ ಐಸ್‌ನ ಪ್ರಶ್ನೆ ಅಲ್ಲ, ಅಪಘಾತದಲ್ಲಿ ಬಾಗಿಲು ತೆಗೆಯೋ ಪ್ರಶ್ನೆ ಕೂಡ. ಚೀನಾ 2027ರ ಜನವರಿ 1ರಿಂದ ಹೊಸ ಕಾರುಗಳ ಬಾಗಿಲಿಗೆ ಒಳಗೂ ಹೊರಗೂ ಮೆಕ್ಯಾನಿಕಲ್ ಹ್ಯಾಂಡಲ್ ಇರಲೇಬೇಕು ಅಂತ ನಿಯಮ ತಂದಿರೋದು ಇದಕ್ಕೇ.

ಹಿಂದಿನ ರಾತ್ರಿಯ ಐದು ನಿಮಿಷ

ಬಾಗಿಲು ತೆಗೆದು ಬೀಡಿಂಗ್ ಒಣಬಟ್ಟೆಯಲ್ಲಿ ಒರೆಸಿ. ಚಳಿಗಾಲದ ಶುರುವಲ್ಲಿ ಅದಕ್ಕೆ ಸಿಲಿಕೋನ್ ಸ್ಪ್ರೇ ಹಚ್ಚಿ, ನೀರು ನಿಲ್ಲಲ್ಲ. ಮಾಮೂಲಿ ಗ್ರೀಸ್, ಎಣ್ಣೆ ರಬ್ಬರ್‌ಗೆ ಒಳ್ಳೇದಲ್ಲ. ಕಾರು ತೊಳೆಸಿದ ದಿನ ಪ್ರತಿ ಹ್ಯಾಂಡಲ್ ನಾಲ್ಕೈದು ಸಲ ಎತ್ತಿ ಬಿಟ್ಟು ಒಳಗಿನ ನೀರು ಉದುರಿಸಿ. ಇನ್ನು ಆ ಸ್ಪ್ರೇ ಬಾಟಲಿಯನ್ನ ಮನೆಯಲ್ಲೋ ಬ್ಯಾಗ್‌ನಲ್ಲೋ ಇಡಿ. ಕಾರೊಳಗಿಟ್ರೆ, ಬಾಗಿಲೇ ತೆಗೆಯೋಕಾಗದಿದ್ದಾಗ ಅದನ್ನ ತಗೊಳ್ಳೋದು ಹೇಗೆ?

ಕೊನೆಯದಾಗಿ, ಬಾಗಿಲು ಬಂದ ಖುಷಿಯಲ್ಲಿ ಒಂದು ಮರೀಬೇಡಿ. ಹಿಮ ಬಿದ್ದಿದ್ರೆ ಎಂಜಿನ್ ಸ್ಟಾರ್ಟ್ ಮಾಡೋ ಮೊದಲು ಸೈಲೆನ್ಸರ್ ಬಾಯಿ ಮುಚ್ಚಿದೆಯಾ ನೋಡಿ. ಮುಚ್ಚಿದ್ರೆ ಹೊಗೆ ಕಾರೊಳಗೆ ಬರಬಹುದು. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತೆ. ಬಾಗಿಲು ಮುಚ್ಚಿದ ಗ್ಯಾರೇಜ್ ಒಳಗೆ ಎಂಜಿನ್ ಓಡಿಸೋದಂತೂ ಬೇಡವೇ ಬೇಡ.

ಈ ವರ್ಷ ನಿಮ್ಮ ಮನೆಯಿಂದ, ಗೆಳೆಯರ ಗುಂಪಿಂದ ಯಾರಾದ್ರೂ ಚಳಿ ದೇಶಕ್ಕೆ ಹೊರಟಿದ್ರೆ ಈ ಎಪಿಸೋಡ್ ಅವರಿಗೆ ಫಾರ್ವರ್ಡ್ ಮಾಡಿ. ಉಪ್ಪಿನಕಾಯಿ, ಚಟ್ನಿಪುಡಿ ಪ್ಯಾಕ್ ಮಾಡೋವಾಗ ಇದೂ ಜೊತೆಗಿರಲಿ. ಮುಂದಿನ ವಾರ ಸಿಗೋಣ, ನಮಸ್ಕಾರ.