ಬೆಳಕಿಗೆ ಅಡ್ಡ ನಿಂತ ಹೈಡ್ರೋಜನ್

ಹನೂರಿನ ಕಾಡೊಳಗೆ, ಕರೆಂಟು ಕಂಬ ತಲುಪದ ಸೋಲಿಗರ ಪೋಡುಗಳಲ್ಲೂ ಸೋಲಾರ್ ದೀಪ ಉರಿಯುತ್ತದೆ. ಚಿಕ್ಕದೊಂದು ಫಲಕ ಹಗಲು ಕೂಡಿಟ್ಟ ಕರೆಂಟಿನಲ್ಲೇ ಬೆಳಗುವ ಆ ಬಿಳಿ ಎಲ್‌ಇಡಿಯ ಒಡಲಲ್ಲಿರುವುದು ಗ್ಯಾಲಿಯಂ ನೈಟ್ರೈಡ್.

ಗ್ಯಾಲಿಯಂ ವಿಚಿತ್ರ ಲೋಹ. 30 ಡಿಗ್ರಿಗೇ ಕರಗುತ್ತದೆ. ಕೊಳ್ಳೇಗಾಲದ ಬೇಸಿಗೆಯಲ್ಲಿ ಬಟ್ಟಲಲ್ಲಿಟ್ಟರೆ ನೀರಾಗಿಬಿಡುತ್ತದೆ. ಗಾಳಿಯ ನೈಟ್ರೋಜನ್ ಮಾತ್ರ ಅದರೊಡನೆ ಕೂಡಲೊಲ್ಲದು, ನೈಟ್ರೋಜನ್‌ನ ಜೋಡಿ ಪರಮಾಣುಗಳ ನಂಟು ಅಷ್ಟು ಬಿಗಿ. ಹಾಗಾಗಿ 1932ರಲ್ಲಿ ಜಾನ್ಸನ್, ಪಾರ್ಸನ್ಸ್, ಕ್ರ್ಯೂ ಎಂಬ ಮೂವರು ಕಾದ ಗ್ಯಾಲಿಯಂ ಮೇಲೆ ನೈಟ್ರೋಜನ್ ಒದಗಿಸುವ ಅಮೋನಿಯಾ ಹಾಯಿಸಿದರು. ಪುಡಿಯಾಗಿ ಸಿಕ್ಕಿದ್ದು ಗ್ಯಾಲಿಯಂ ನೈಟ್ರೈಡ್ ಎಂಬ ಗಟ್ಟಿಗ ಪದಾರ್ಥ: ಒಂದೊಂದು ಗ್ಯಾಲಿಯಂ ಸುತ್ತ ನಾಲ್ಕು ನೈಟ್ರೋಜನ್, ಒಂದೊಂದು ನೈಟ್ರೋಜನ್ ಸುತ್ತ ನಾಲ್ಕು ಗ್ಯಾಲಿಯಂ. ನೀರಿಗೆ, ಸಾಮಾನ್ಯ ಆಮ್ಲಕ್ಕೆ ಜಗ್ಗದು. ಬಿಸಿ ಕ್ಷಾರ ನಿಧಾನಕ್ಕೆ ತಿನ್ನುತ್ತದೆ.

ಪುಡಿಯಿಂದ ದೀಪವಾಗದು, ಹರಳಿನ ಪದರ ಬೇಕು. 1969ರಲ್ಲಿ ಮಾರುಸ್ಕಾ ಎಂಬ ವಿಜ್ಞಾನಿ ನೀಲಮಣಿಯ ಬಿಲ್ಲೆಯ ಮೇಲೆ ಅದನ್ನು ಬೆಳೆಸಿದರೂ ಎರಡರ ಅಳತೆ ಕೂಡದೆ ಪದರ ಬಿರುಕು ಬಿಡುತ್ತಿತ್ತು. ಬಹುಮಂದಿ ಕೈಬಿಟ್ಟರು. ಜಪಾನಿನ ನಗೋಯಾದ ಅಕಸಾಕಿ, ಅಮಾನೋ ಬಿಡಲಿಲ್ಲ. ನಡುವೆ ಅಲ್ಯುಮಿನಿಯಂ ನೈಟ್ರೈಡಿನ ತೆಳು ಹಾಸು ಹಾಕಿ, 1986ರಲ್ಲಿ ನುಣುಪಾದ ಪದರ ಬೆಳೆದದ್ದನ್ನು ತೋರಿಸಿದರು.

ಆದರೂ ಒಂದು ತೊಡಕು. ಮೆಗ್ನೀಸಿಯಂ ಬೆರೆಸಿದರೆ ಪದರದಲ್ಲಿ ಧನ ವಿದ್ಯುತ್ ಹರಿಯಬೇಕು; ಹರಿಯುತ್ತಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ ಹರಳು ಇನ್ನಷ್ಟು ಹೊಳೆದದ್ದು ಅವರ ಕಣ್ಣಿಗೆ ಬಿತ್ತು. ಆ ಜಾಡು ಹಿಡಿದು, ಎಲೆಕ್ಟ್ರಾನ್ ಹಾಯಿಸಿಯೇ 1989ರಲ್ಲಿ ಗೆದ್ದರು. ಏಕೆ ಗೆದ್ದೆವೆಂಬುದೇ ಒಗಟು.

ಒಗಟು ಬಿಡಿಸಿದವರು ನಿಚಿಯಾ ಕಂಪನಿಯ ಶುಜಿ ನಕಮುರಾ. 1992ರಲ್ಲಿ ಅವರ ತಂಡ ಹರಳನ್ನು ನೈಟ್ರೋಜನ್‌ನಲ್ಲಿ 700 ಡಿಗ್ರಿ ದಾಟಿಸಿ ಕಾಯಿಸಿತು, ವಿದ್ಯುತ್ ಹರಿಯಿತು. ಅಮೋನಿಯಾದಲ್ಲಿ ಮತ್ತೆ ಕಾಯಿಸಿತು, ನಿಂತುಹೋಯಿತು. ಅಮೋನಿಯಾ ಒಡೆದು ಬಂದ ಹೈಡ್ರೋಜನ್ ಒಳಹೊಕ್ಕು ಮೆಗ್ನೀಸಿಯಂ ಅನ್ನು ಕಟ್ಟಿಹಾಕುತ್ತಿತ್ತು. ಹರಳನ್ನು ಹುಟ್ಟಿಸಿದ ಅನಿಲವೇ ಅದರ ಬಾಯಿ ಮುಚ್ಚಿಸಿತ್ತು! ಇಡೀ ಕತೆಯಲ್ಲಿ ನನಗೆ ಅತಿ ಚಂದ ಕಾಣುವುದು ಈ ಸರಳ ಪರೀಕ್ಷೆಯೇ. 1993ರ ಕೊನೆಗೆ ಪ್ರಖರ ನೀಲಿ ಎಲ್‌ಇಡಿ ಬಂತು. ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್‌ನ ಲೇಪ ಹಾಕಿದರೆ ಬಿಳಿ ಬೆಳಕು. ಅಕಸಾಕಿ, ಅಮಾನೋ, ನಕಮುರಾ ಮೂವರಿಗೂ 2014ರ ಭೌತಶಾಸ್ತ್ರ ನೊಬೆಲ್.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈಗ ಇದೇ ನೈಟ್ರೈಡನ್ನು ಟ್ರಾನ್ಸಿಸ್ಟರುಗಳಿಗಾಗಿ ಬೆಳೆಸುತ್ತಿದೆ. ಗ್ಯಾಲಿಯಂ ಅಲ್ಲಿ ಸಾವಯವ ಸಂಯುಕ್ತದ ಆವಿಯಾಗಿ ಬರುತ್ತದೆ. ನೈಟ್ರೋಜನ್ ತರುವುದು ಇಂದಿಗೂ ಅಮೋನಿಯಾವೇ.