ಕಂಕುಳಿನ ಗ್ರಂಥಿಗಳ ಲೆಕ್ಕ

ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಕೆಲವು ದಿನಗಳ ತರುವಾಯ ಮನೆಯವರ ಕೈಗೆ ಪರೀಕ್ಷಾ ವರದಿಯೊಂದು ಬರುತ್ತದೆ. ಇಂಗ್ಲಿಷಿನ ಆ ವರದಿಯಲ್ಲಿ ‘೩/೧೫’ ಎಂಬಂತಹ ಅಂಕೆ ಇರುವುದುಂಟು. ಆಸ್ಪತ್ರೆಯಲ್ಲಿ ಮಲೆಯಾಳವನ್ನೋ ಮರಾಠಿಯನ್ನೋ ಆಡಿ, ಮನೆಗೆ ಬಂದು ಕನ್ನಡದಲ್ಲಿ ವಿವರಿಸಬೇಕಾದ ನಮ್ಮ ಕುಟುಂಬಗಳಲ್ಲಿ ಈ ಅಂಕೆಯ ಅರ್ಥ ಹಾದಿಯಲ್ಲಿಯೇ ಕಳೆದುಹೋಗುತ್ತದೆ. “ಮೂರೇ ತಾನೆ” ಎಂದು ನೆಮ್ಮದಿಪಟ್ಟವರನ್ನೂ, “ಮೂರು ಇವೆಯಂತೆ” ಎಂದು ಕುಸಿದು ಕುಳಿತವರನ್ನೂ ನಾವು ಬಲ್ಲೆವು.

ಸ್ತನದ ದುಗ್ಧರಸವು ಬಹುಪಾಲು ಕಂಕುಳಿನ ದುಗ್ಧಗ್ರಂಥಿಗಳ ಮೂಲಕ ಹರಿಯುತ್ತದೆ. ಗಡ್ಡೆಯಿಂದ ಕಳಚಿದ ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲಿಯೇ. ವರದಿಯಲ್ಲಿ ಕೆಳಗಿನ ಅಂಕೆ ಪರೀಕ್ಷಿಸಿದ ಗ್ರಂಥಿಗಳದು; ಮೇಲಿನದು ರೋಗ ಕಂಡುಬಂದವುಗಳದು. ಒಂದರಿಂದ ಮೂರು, ನಾಲ್ಕರಿಂದ ಒಂಬತ್ತು, ಹತ್ತು ಮತ್ತು ಅದಕ್ಕೂ ಹೆಚ್ಚು ಎಂದು ಕಂಕುಳಿನ ಮಟ್ಟಿಗೆ ವೈದ್ಯರು ಮೂರು ತರಗತಿಗಳನ್ನು ಮಾಡಿರುವರು. ಸಂಖ್ಯೆ ಏರಿದಂತೆ ಆಯುಸ್ಸಿನ ಆಸೆ ಇಳಿಯುತ್ತದೆ.

ಆದರೆ ಹುಡುಕಿದಷ್ಟೇ ಸಿಗುವುದು. ಐದೇ ಗ್ರಂಥಿಗಳನ್ನು ತೆಗೆದ ಕಡೆ ಹತ್ತು ರೋಗಗ್ರಸ್ತ ಗ್ರಂಥಿಗಳು ಕಾಣುವುದೆಂತು? ಐದರಲ್ಲಿ ಮೂರು, ಹದಿನೈದರಲ್ಲಿ ಮೂರು: ತರಗತಿ ಒಂದೇ, ಅನುಪಾತ ಮಾತ್ರ ೦.೬೦ ಮತ್ತು ೦.೨೦. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ೧೯೮೦ರಿಂದ ೨೦೦೪ರವರೆಗೆ ಗ್ರಂಥಿಗಳಿಗೂ ರೋಗ ಹಬ್ಬಿದ್ದ ೧,೮೨೯ ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ, ೨೦೦೯ರಲ್ಲಿ ಅಲ್ಲಿನ ಸಂಶೋಧಕರು ಈ ಅನುಪಾತವೇ ಹಳೆಯ ತರಗತಿಗಿಂತ ನಿಖರವಾಗಿ ಮುಂದಿನ ಗತಿಯನ್ನು ಸೂಚಿಸುವುದೆಂದು ಪ್ರಕಟಿಸಿದರು. ೦.೨೦ರವರೆಗೆ ಕಡಿಮೆ ಅಪಾಯ, ೦.೬೫ರವರೆಗೆ ಮಧ್ಯಮ, ಅದರ ಮೇಲೆ ಅಧಿಕ. ಆದರೂ ರೋಗದ ಹಂತವನ್ನು ನಿರ್ಧರಿಸುವ ಅಧಿಕೃತ ಪದ್ಧತಿ ಇಂದಿಗೂ ಸಂಖ್ಯೆಯನ್ನೇ ನೆಚ್ಚಿದೆ.

ಅನುಪಾತಕ್ಕೂ ಕುಂದುಂಟು. ನಾಲ್ಕರಲ್ಲಿ ಸೊನ್ನೆ, ಇಪ್ಪತ್ತರಲ್ಲಿ ಸೊನ್ನೆ, ಎರಡೂ ಸೊನ್ನೆಯೇ. ಭರವಸೆ ಮಾತ್ರ ಒಂದೇ ಅಲ್ಲ. ಇದನ್ನು ಸರಿಪಡಿಸಲು ರೋಗವುಳ್ಳವು, ಇಲ್ಲದವು ಎರಡಕ್ಕೂ ಅರ್ಧವನ್ನು ಕೂಡಿಸಿ, ಭಾಗಿಸಿ, ಲಾಗರಿದಮ್ ತೆಗೆಯುವ ಇನ್ನೊಂದು ಅಳತೆಯಿದೆ. ಅದು ಸಂಶೋಧಕರ ಮೇಜಿಗೆ ಸಲ್ಲುವ ಲೆಕ್ಕ, ನಮಗೆ ಬೇಡ.

ನಮಗೆ ಬೇಕಾದುದು ಬೇರೊಂದು ಎಚ್ಚರ. ಈಗ ಅನೇಕ ಕಡೆ ಬಣ್ಣವನ್ನೋ ವಿಕಿರಣದ ವಸ್ತುವನ್ನೋ ಚುಚ್ಚಿ, ದುಗ್ಧರಸ ಮೊದಲು ಸೇರುವ ಒಂದೆರಡು ‘ಕಾವಲು ಗ್ರಂಥಿ’ಗಳನ್ನಷ್ಟೇ ತೆಗೆದು ನೋಡುತ್ತಾರೆ. ಅಲ್ಲಿ ‘೧/೧’ ಎಂದು ಬಂದರೆ ನೂರಕ್ಕೆ ನೂರು ಎಂದು ಎದೆಯೊಡೆದುಕೊಳ್ಳಬೇಕಿಲ್ಲ. ಅಲ್ಲಿಗೆ ಈ ಅನುಪಾತವೇ ಸಲ್ಲದು. ಗಡ್ಡೆ ಐದು ಸೆಂಟಿಮೀಟರ್ ಮೀರದೆ, ಕಂಕುಳಿನಲ್ಲಿ ಗಂಟು ಕೈಗೆ ಹತ್ತದೆ, ಸ್ತನವನ್ನು ಉಳಿಸಿ ವಿಕಿರಣ ಚಿಕಿತ್ಸೆ ಕೊಟ್ಟ ಸ್ತ್ರೀಯರಲ್ಲಿ ಒಂದೆರಡು ಕಾವಲು ಗ್ರಂಥಿಗಳಿಗೆ ರೋಗ ತಗಲಿದ್ದರೂ, ಉಳಿದವನ್ನು ತೆಗೆಯದಿದ್ದುದರಿಂದ ಆಯುಸ್ಸು ಕುಗ್ಗಲಿಲ್ಲವೆಂದು ೨೦೧೧ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಗ್ರಂಥಿಗಳನ್ನೆಲ್ಲ ತೆಗೆದಾಗ ತೋಳು ಬಾತುಕೊಳ್ಳುವ ಬಾಧೆ ಎಷ್ಟೋ ತಾಯಂದಿರನ್ನು ಜೀವಮಾನವಿಡೀ ಕಾಡುವುದನ್ನು ನೆನೆದರೆ, ಇದು ಸಣ್ಣ ಲಾಭವಲ್ಲ.

ಆದುದರಿಂದ ವೈದ್ಯರನ್ನು ಕೇಳಬೇಕಾದುದು ಎರಡು: ಒಟ್ಟು ಎಷ್ಟು ಗ್ರಂಥಿಗಳನ್ನು ನೋಡಿದಿರಿ? ಅವು ಕಾವಲು ಗ್ರಂಥಿಗಳೋ, ಕಂಕುಳಿನವೆಲ್ಲವೋ? ವರದಿಯ ಮೂಲಪ್ರತಿಯನ್ನು ಜೋಪಾನವಾಗಿಡಿ. ಕಾಸರಗೋಡಿನಿಂದ ಮಂಗಳೂರಿಗೆ ಚಿಕಿತ್ಸೆ ಬದಲಾಯಿಸಿಕೊಂಡು ಹೋದಾಗ ಅಲ್ಲಿನ ವೈದ್ಯರಿಗೂ ಅದು ಬೇಕಾಗುತ್ತದೆ.